ಕೆಳಗಿನ ಎರಡೆಕರೆ

“ಅಂದ್ರ ಮೆಣಸಿನಕಾಯಿ ಹೊದಸಲ್ಯೋ ಬ್ಯಾಡೋ? ಅಷ್ಟ ಹೇಳ ಸುಭಾಸಣ್ಣ,” ಎಂದ ಮೀರಾಸಾಬ. ಟ್ರ್ಯಾಕ್ಟರಿನ ಎಂಜಿನ್ ಬಂದ್ ಮಾಡದೆ ಸೀಟಿನ ಮೇಲಿಂದಲೇ ಬಾಗಿ ಕೇಳುತ್ತಿದ್ದ.

ಸುಭಾಸ ಮನೆಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನ ಸಂದೇಶವನ್ನು ಎರಡನೆಯ ಸಲ ಓದುತ್ತಿದ್ದ. ಬಂಗಾಳ ಕೊಲ್ಲಿಯ ಚಂಡಮಾರುತ ತಮಿಳುನಾಡಿನ ಕರಾವಳಿಯತ್ತ ಸಾಗಿದೆ. ದಡ ದಾಟಿದ ಮೇಲೆ ಬಲ ಕಳೆದುಕೊಂಡು ಪಶ್ಚಿಮಕ್ಕೆ ಸರಿಯುವ ಸಂಭವವಿದೆ. ಧಾರವಾಡ, ಗದಗ ಜಿಲ್ಲೆಗಳಲ್ಲಿ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದವರೆಗೆ ಗಾಳಿಸಹಿತ ಮಳೆ, ಹೆಚ್ಚಿನ ಚಳಿ. ಒಣಗಲು ಹಾಕಿದ ಬೆಳೆಯನ್ನು ಮುಚ್ಚಬೇಕು, ಜಾನುವಾರುಗಳನ್ನು ಬೆಚ್ಚಗಿನ ಜಾಗಕ್ಕೆ ಸಾಗಿಸಬೇಕು.

“ಹೊದಸು. ಇವತ್ತ ಸಂಜೀಗೇ ಗುಡ್ಡೆ ಮಾಡಿ ಹೊದಿಸಿಬಿಡು. ನಾಳೆ ಮಧ್ಯಾನಕ್ಕ ಹಿಡಿತೈತಿ,” ಎಂದ ಸುಭಾಸ.

ಕಟ್ಟೆಯ ಇನ್ನೊಂದು ತುದಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಈರಬಸಪ್ಪಜ್ಜ ತಲೆಯೆತ್ತಿ ನೋಡಿದ. ಗುರುವಾರದ ಆ ಮುಂಜಾನೆ ಶಲವಡಿಯ ಮೇಲೆ ಒಂದು ಚೂರು ಮೋಡವಿರಲಿಲ್ಲ. ಡಿಸೆಂಬರಿನ ಎಳೆ ಬಿಸಿಲು ಎಲ್ಲರ ಕಣಗಳ ಮೇಲೆ, ಹರಡಿದ ಕೆಂಪು ಮೆಣಸಿನಕಾಯಿಯ ಮೇಲೆ ಬಿದ್ದಿತ್ತು. ಬೇರೆ ವರ್ಷವಾಗಿದ್ದರೆ ಮುದುಕ ನಗುತ್ತಿದ್ದ. ಈಗ ನಗಲಿಲ್ಲ. “ಹಂಗಾರ ನಾನೂ ಆಳಿಗೆ ಹೇಳಿ ಕಳಸ್ತೇನಿ,” ಎಂದು ಕೋಲು ಹಿಡಿದು ಎದ್ದ.

ಈ ನಂಬಿಕೆ ಒಂದು ದಿನದಲ್ಲಿ ಬಂದದ್ದಲ್ಲ. ನಾಲ್ಕು ವರ್ಷದ ಹಿಂದೆ ಧಾರವಾಡದಲ್ಲಿ ಮೂರು ದಿನದ ತರಬೇತಿಗೆ ಹೋಗಿ ಬಂದಾಗಿನಿಂದ ಸುಭಾಸನಿಗೆ ಹವಾಮಾನದ ಸಂದೇಶಗಳು ಬರುತ್ತಿದ್ದವು. ಅವನು ಅವನ್ನು ಕಟ್ಟೆಯ ಮೇಲೆ ಓದಿ ಹೇಳುತ್ತಿದ್ದ, ಜನ ಚೇಷ್ಟೆ ಮಾಡುತ್ತಿದ್ದರು. ಈ ವರ್ಷ ಸೆಪ್ಟೆಂಬರಿನ ಕೊನೆಗೆ, ಪೆಸಿಫಿಕ್ ಸಾಗರದ ನೀರು ತಣ್ಣಗಾಗಿದೆ, ಹಿಂಗಾರು ವಾಡಿಕೆಗಿಂತ ಹೆಚ್ಚಾಗುವ ಸಂಭವವಿದೆ, ಕೊಲ್ಲಿಯಲ್ಲಿ ಚಂಡಮಾರುತಗಳೂ ಏಳಬಹುದು ಎಂದು ಹೇಳಿದಾಗ, “ಎಲ್ಲಿದೋ ಸಮುದ್ರ ತಂಪಾದ್ರ ಶಲವಡ್ಯಾಗ ನೆಗಡಿ ಬರತೈತೇನಪಾ?” ಎಂದು ಇದೇ ಈರಬಸಪ್ಪಜ್ಜ ಕೇಳಿದ್ದ. ಅಕ್ಟೋಬರಿನಲ್ಲಿ ಹನ್ನೊಂದು ದಿನ ಮಳೆ ಬಿತ್ತು. ಸುಭಾಸನ ಮಾತು ಕೇಳಿ ಈರುಳ್ಳಿಯನ್ನು ಮೊದಲೇ ಕಿತ್ತವರು ಉಳಿದುಕೊಂಡರು. ಅಂದಿನಿಂದ ಬಸ್ ನಿಲ್ದಾಣದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ಕಂಡರೂ ಜನ ಅವನನ್ನು ನಿಲ್ಲಿಸಿ ಕೇಳತೊಡಗಿದರು. ನಲವತ್ತಾರು ವರ್ಷದಲ್ಲಿ ತನ್ನ ಮಾತಿಗೆ ಊರು ಹೀಗೆ ಕಾದದ್ದು ಅವನಿಗೆ ನೆನಪಿರಲಿಲ್ಲ. ಅದು ಅವನಿಗೆ ಹಿತವಾಗಿತ್ತು.

ಮೀರಾಸಾಬ ಹೋದ ಮೇಲೆ ಸುಭಾಸ ಒಳಗೆ ಹೋದ. ಹೆಂಡತಿ ಮಹಾನಂದಾ ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿಯನ್ನು ಬುಟ್ಟಿಯಲ್ಲಿ ಕಟ್ಟಿಟ್ಟಿದ್ದಳು. ಅವರ ಹೊಲದಲ್ಲಿ ನಿಂತಿದ್ದ ಕುರಿಗಾರರಿಗೆ ಎರಡು ಹೊತ್ತಿನ ಊಟ ಈ ಮನೆಯಿಂದಲೇ ಹೋಗಬೇಕು. ಅದು ಮೊದಲೇ ಆದ ಮಾತು. ಊಟ, ಹೋಗುವಾಗ ಎರಡು ಚೀಲ ಜೋಳ. ಅದಕ್ಕೆ ಬದಲಾಗಿ ಆರು ರಾತ್ರಿ ಹಿಂಡು ಅವನ ಆರು ಎಕರೆಯಲ್ಲಿ, ರಾತ್ರಿಗೊಂದು ಎಕರೆಯಂತೆ, ಮಲಗಿ ಏಳಬೇಕು. ಅವುಗಳ ಹಿಕ್ಕೆ, ಗಂಜಲವೇ ನೆಲಕ್ಕೆ ಗೊಬ್ಬರ.

ಹೊಲ ಊರಿನಿಂದ ಮೂರು ಕಿಲೋಮೀಟರ್. ಡಾಂಬರು ರಸ್ತೆ ಬಿಟ್ಟು ಚಕ್ಕಡಿ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಒಳಗೆ ಹೋಗಬೇಕು. ಗೋವಿನಜೋಳ ಮುರಿದಾದ ಮೇಲೆ ಖಾಲಿ ಬಿದ್ದಿದ್ದ ಕಪ್ಪು ಎರೆ ನೆಲ ಹಳ್ಳದ ಕಡೆಗೆ ನಿಧಾನವಾಗಿ ಇಳಿದಿತ್ತು. ಮೇಲಿನ ನಾಲ್ಕು ಎಕರೆ ಹೇಗೋ ಬೆಳೆ ಕೊಡುತ್ತಿತ್ತು. ಹಳ್ಳದ ಬಾಜು ಇದ್ದ ಕೆಳಗಿನ ಎರಡೆಕರೆ ಮಾತ್ರ ಉಪ್ಪಿನ ಸವಳು ಹಿಡಿದು ವರ್ಷದಿಂದ ವರ್ಷಕ್ಕೆ ಸಾಯುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಅಪ್ಪ ಇದ್ದಾಗ ವರ್ಷ ತಪ್ಪದೆ ಕುರಿ ನಿಲ್ಲಿಸಿ ಆ ನೆಲವನ್ನು ಜೀವಂತ ಇಟ್ಟಿದ್ದ. ಈಗ ಕುರಿಹಿಂಡುಗಳೇ ಕಡಿಮೆ. ಈ ಸಲ ಸುಭಾಸ ಅಣ್ಣಿಗೇರಿಯ ದಾರಿಯಲ್ಲಿ ಮೂರು ದಿನ ಕಾದು, ಬೇರೆಯವರ ಹೊಲಕ್ಕೆ ಹೊರಟಿದ್ದ ಹಿಂಡನ್ನು ಕೈಮುಗಿದು ತನ್ನ ಹೊಲಕ್ಕೆ ತಿರುಗಿಸಿಕೊಂಡು ಬಂದಿದ್ದ. ಮೇಲಿನ ನಾಲ್ಕು ಎಕರೆಯ ನಾಲ್ಕು ರಾತ್ರಿ ಮುಗಿದಿದ್ದವು. ಕೆಳಗಿನ ಎರಡೆಕರೆ ಉಳಿದಿತ್ತು.

ಅವನು ಬೈಕ್ ನಿಲ್ಲಿಸುವಾಗ ಹಿಂಡಿನ ಹಿರಿಯ ಗುಡದಪ್ಪ ಕುದುರೆಯ ಬೆನ್ನಿಗೆ ಹೇರು ಕಟ್ಟುತ್ತಿದ್ದ. ಅರವತ್ತು ದಾಟಿದ, ರಾಯಬಾಗದ ಕಡೆಯ ಮನುಷ್ಯ, ಅಪ್ಪನ ಕಾಲದಿಂದ ಈ ಹೊಲದ ಗುರುತಿದ್ದವನು. ಹೆಗಲ ಮೇಲೆ ಕಂಬಳಿ, ಕಿವಿಗೆ ಮುರುವು. ತಮ್ಮ ಗೂಳಪ್ಪ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಏನ ಕಾಕಾ, ಹೇರಾಕ ಹತ್ತೀರಿ?” ಸುಭಾಸ ಗಾಡಿಯಿಂದ ಇಳಿಯದೆ ಕೇಳಿದ.

“ಬರ್ರಿ ಸಾವಕಾರ್ರ. ನಿಮ್ಮ ದಾರೀನ ಕಾಯಾಕ ಹತ್ತಿದ್ದೆ.” ಗುಡದಪ್ಪ ಹಗ್ಗ ಬಿಗಿಯುತ್ತಲೇ ಹೇಳಿದ. “ನಿನ್ನಿ ಸಂಜಿಮುಂದ ಮೂಡಗಾಳಿ ಬಿಟ್ಟೈತಿ. ಕುರಿ ಸರಿಯಾಗಿ ಮೇಯವಲ್ವು, ಒಂದರ ಹೊಟ್ಟಿಗೆ ಒಂದು ತಲಿ ಹಚ್ಚಿ ನಿಂದರಾಕ ಹತ್ಯಾವು. ನನಗ್ಯಾಕೋ ಸಂಶೆ. ನಿಮ್ಮ ಮೊಬೈಲ್ ಏನ ಅಂತೈತ್ರಿ? ಮಳಿ ಹಿಡಿಯೂದಿದ್ರ ಹೇಳಿಬಿಡ್ರಿ. ಈಗ ಎದ್ರ ಹೊತ್ತು ಮುಳುಗೂದ್ರಾಗ ನವಲಗುಂದದ ಗುಡ್ಡದ ಬಾಜು ಹೋಗಿ ಬೀಳ್ತೇವಿ. ಅಲ್ಲಿ ಗರಸಿನ ನೆಲ, ನೀರ ನಿಲ್ಲಂಗಿಲ್ಲ.”

ಸುಭಾಸ ಉತ್ತರ ಕೊಡುವ ಮೊದಲು ಅವನ ಕಣ್ಣು ಕೆಳಗಿನ ಎರಡೆಕರೆಯತ್ತ ಹೋಯಿತು. ಮೇಲಿನ ನೆಲದ ತುಂಬ ಕುರಿಹಿಕ್ಕೆ ಕಪ್ಪು ಕಾಳು ಎರಚಿದ ಹಾಗೆ ಬಿದ್ದಿತ್ತು. ಬದುವಿನಾಚೆ ಬರೀ ಬೋಳು ನೆಲ.

“ಅದು ತಮಿಳ್ನಾಡ ಕಡೆ ಹೊಂಟೈತಿ ಕಾಕಾ,” ಎಂದ. ಆ ಮಾತು ಸಂದೇಶದಲ್ಲಿ ಇತ್ತು. “ದಂಡಿ ಮುಟ್ಟಿದ ಮ್ಯಾಲೆ ಬಲ ಕಳಕೊಳ್ತೈತಂತ.” ಅದೂ ಇತ್ತು. “ನಮಗೇನಿಲ್ಲ. ಬಂದ್ರ ಒಂದೀಟು ಮೋಡ ಬರಬಹುದು.”

ಬಲೆ ಕಟ್ಟಿದ ಸಣ್ಣ ಆವರಣದೊಳಗೆ ಕುಳಿತಿದ್ದ ಗುಡದಪ್ಪನ ಮಗಳು ಮಲ್ಲಮ್ಮ ತಿರುಗಿ ನೋಡಿದಳು. ಗಂಡ ತೀರಿದ ಮೇಲೆ ಅಪ್ಪನ ಜೊತೆ ಹಿಂಡಿನ ಹಿಂದೆ ತಿರುಗುವವಳು. ಮರಿಗಳ ಜವಾಬ್ದಾರಿ ಅವಳದೇ. ಆಗಷ್ಟೇ ಹುಟ್ಟಿದ, ಮೈ ಇನ್ನೂ ಆರದ ಒಂದು ಮರಿ ಅವಳ ತೊಡೆಯ ಮೇಲಿತ್ತು.

“ಖರೇನ್ರಿ ಅಣ್ಣಾರ? ಈ ವಾರ ಹುಟ್ಟಿದ್ದ ಐವತ್ತೆರಡ ಮರಿ ಅದಾವು. ತಂಪ ಹತ್ತಿದ್ರ ಇವು ತಡ್ಯಾಂಗಿಲ್ಲ.”

“ಖರೇನ ತಂಗಿ,” ಎಂದ ಸುಭಾಸ. ತನ್ನ ದನಿ ಎಷ್ಟು ಸಲೀಸಾಗಿ ಹೊರಬಂತೆಂದು ಅವನಿಗೇ ಆಶ್ಚರ್ಯವಾಯಿತು.

“ಸಾವಕಾರ್ರು ಹೇಳಿದ ಮ್ಯಾಲೆ ಮುಗೀತು ಬಿಡು,” ಎಂದು ಗುಡದಪ್ಪ ಈಗಷ್ಟೇ ಬಿಗಿದ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿದ. ಹೇರು ಕುದುರೆಯ ಬೆನ್ನಿನಿಂದ ಧೊಪ್ಪನೆ ಕೆಳಗಿಳಿಯಿತು. “ಹಂಗಾರ ಸಂಜೀಕ ಕೆಳಗಿನ ಹೊಲಕ್ಕ ಇಳಸ್ತೇವಿ. ರೊಟ್ಟಿ ಕೊಡ್ರಿ, ಹಸಿವ್ಯಾಗೇತಿ.”

ಊರಿಗೆ ಮರಳುವಾಗ ಸುಭಾಸ ಒಂದು ಲೆಕ್ಕ ಹಾಕಿಕೊಂಡ. ಮಳೆ ಶುಕ್ರವಾರ ಮಧ್ಯಾಹ್ನಕ್ಕೆ. ಇವತ್ತಿನ ರಾತ್ರಿ ಒಂದು ಎಕರೆಯಾದರೂ ಮುಗಿಯುತ್ತದೆ. ನಾಳೆ ಬೆಳಗಾಗುತ್ತಲೇ ಬಂದು, ಈಗ ಹೊಸ ಸಂದೇಶ ಬಂತು ಎಂದು ಹೇಳಿ ಎಬ್ಬಿಸಿ ಕಳಿಸಿದರಾಯಿತು. ಮಳೆ ಹಿಡಿಯುವಷ್ಟರಲ್ಲಿ ಅರ್ಧ ದಾರಿಗೆ ಹೋಗಿರುತ್ತಾರೆ, ಉಳಿದರ್ಧ ಡಾಂಬರು ರಸ್ತೆ. ಅಷ್ಟಕ್ಕೂ ಮಳೆ ಬಂದೇ ಬರುತ್ತದೆಂದು ಯಾರಿಗೆ ಗೊತ್ತು? ಜುಲೈಯಲ್ಲಿ ಇದೇ ಸಂದೇಶ ಎರಡು ಸಲ ಹುಸಿ ಹೋಗಿರಲಿಲ್ಲವೆ?

ಆ ಮಧ್ಯಾಹ್ನ ಅವನು ಸುಮ್ಮನೆ ಕೂರಲಿಲ್ಲ. ಕಣದಿಂದ ಕಣಕ್ಕೆ ಅಡ್ಡಾಡಿ, ಕೇಳಿದವರಿಗೂ ಕೇಳದವರಿಗೂ ಮೆಣಸಿನಕಾಯಿ ಹೊದಿಸಲು ಹೇಳಿದ. ಮೀರಾಸಾಬನ ತಾಡಪತ್ರಿಯ ಒಂದು ತುದಿ ಹಿಡಿದು ತಾನೇ ಎಳೆದು ಕಟ್ಟಿದ. ಬೆವರಿಳಿಯುವಷ್ಟು ದುಡಿದ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಮಹಾನಂದಾ ಚಹಾ ತಂದು ಕೇಳಿದಳು.

“ಕುರಿಯವರಿಗೂ ಹೇಳಿದ್ರಿಲ್ಲೋ?”

“ಹೇಳೇನಿ.”

“ಏನಂದ್ರು?”

“ನಾಳೆ ಮುಂಜಾನೆ ಎದ್ದು ಹೋಗ್ತಾರಂತ.”

ಮಹಾನಂದಾ ತಲೆಯಾಡಿಸಿದಳು. “ಪಾಪ, ಸಣ್ಣ ಸಣ್ಣ ಮರಿ ಅದಾವು ಅಂತಿದ್ರಿ. ಚಲೋ ಆತು.” ಅವನು ಚಹಾವನ್ನು ಬಿಸಿಯಿದ್ದಾಗಲೇ ಕುಡಿದು ಮುಗಿಸಿದ.

ಮುಂಜಾನೆ ಐದೂವರೆಗೆ ಅವನಿಗೆ ಎಚ್ಚರವಾದದ್ದು ಹಿತ್ತಲಿನ ತಗಡಿನ ಮೇಲೆ ಬಿದ್ದ ಹನಿಗಳ ಸಪ್ಪಳಕ್ಕೆ. ಮೊಬೈಲ್ ತೆರೆದ. ಸಂದೇಶ ಬಂದು ಆಗಲೇ ತಾಸಾಗಿತ್ತು. ಚಂಡಮಾರುತ ನಿರೀಕ್ಷೆಗಿಂತ ಬೇಗ ದಡ ದಾಟಿದೆ. ಒಳನಾಡಿನಲ್ಲಿ ಮುಂಜಾನೆಯಿಂದಲೇ ಮಳೆ. ಅವನು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಸಪ್ಪಳ ಒಂದೇ ಸಮನೆ ಆಗಿತ್ತು. ಚಹಾಕ್ಕೂ ನಿಲ್ಲದೆ ಗಾಡಿ ಹೊರಗೆ ತೆಗೆದ.

ಡಾಂಬರು ರಸ್ತೆ ಬಿಟ್ಟು ಚಕ್ಕಡಿ ದಾರಿಯಲ್ಲಿ ಇನ್ನೂರು ಹೆಜ್ಜೆ ಹೋಗುವುದರೊಳಗೆ ಗಾಡಿಯ ಗಾಲಿ ಮಣ್ಣು ಕಚ್ಚಿ ನಿಂತಿತು. ಎರೆ ಮಣ್ಣು ನೆನೆದರೆ ಹಿಡಿದ ಕಾಲು ಬಿಡುವುದಿಲ್ಲ. ಅವನು ಗಾಡಿಯನ್ನು ಅಲ್ಲೇ ಕೆಡವಿ, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ನಡೆದ. ಒಂದೊಂದು ಕಾಲಿಗೂ ಎರಡೆರಡು ಸೇರು ಮಣ್ಣು. ಮೂಡಲಿನಿಂದ ಬೀಸುವ ಗಾಳಿ ಹನಿಗಳನ್ನು ಅಡ್ಡಡ್ಡ ಮುಖಕ್ಕೆ ಹೊಡೆಯುತ್ತಿತ್ತು. ಮುಂಗಾರಿನ ಮಳೆಯ ಬೆಚ್ಚಗಿನ ವಾಸನೆ ಇದಕ್ಕಿರಲಿಲ್ಲ. ಇದು ತಣ್ಣಗೆ ಕೊರೆಯುವ ಮಳೆ.

ಕೆಳಗಿನ ಹೊಲದಲ್ಲಿ ಮುನ್ನೂರು ಕುರಿ ಒಂದೇ ಮುದ್ದೆಯಾಗಿ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಗೂಳಪ್ಪ ಮುಂದಿನ ಟಗರನ್ನು ಕೊಂಬು ಹಿಡಿದು ಎಳೆಯುತ್ತಿದ್ದ. ಅದು ಎರಡು ಹೆಜ್ಜೆ ಇಟ್ಟು, ಗೊರಸಿಗೆ ಗಡ್ಡೆ ಕಟ್ಟಿದ ಮಣ್ಣಿನ ಭಾರಕ್ಕೆ ಮೊಣಕಾಲೂರಿತು. ಹಳ್ಳದ ನೀರು ಏರಿ ಹೊಲದ ಅಂಚಿಗೆ ಬಂದಿತ್ತು. ಗುಡದಪ್ಪ ತನ್ನ ಕಂಬಳಿಯನ್ನು ಮರಿಗಳ ಬಲೆಯ ಮೇಲೆ ಹರಡಿ, ತಾನು ಬರಿ ಅಂಗಿಯಲ್ಲಿ ಅದರ ಅಂಚು ಹಿಡಿದು ನಿಂತಿದ್ದ.

“ಬಂದ್ರ್ಯಾ ಸಾವಕಾರ್ರ!” ಎಂದು ಕೂಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಬಂದದ್ದಕ್ಕೆ ಸಮಾಧಾನವೇ ಇತ್ತು. “ಮೋಸ ಮಾಡಿತು ನೋಡ್ರಿ ಹವಾ. ದೊಡ್ಡ ಕುರಿ ಹೆಂಗರ ತಡಕೋತಾವು. ಮರಿ ಅಷ್ಟು ಹೊರಗ ಒಯ್ಯಾಕ ಬೇಕ್ರಿ.”

ಸುಭಾಸ ಬಲೆಯೊಳಗೆ ಬಾಗಿದ. ಎರಡು ಮರಿಗಳನ್ನು ಎತ್ತಿ ಅಂಗಿಯೊಳಗೆ ತುರುಕಿಕೊಂಡ, ಇನ್ನೆರಡನ್ನು ಕಂಕುಳಲ್ಲಿ ಅವುಚಿದ. ಮಲ್ಲಮ್ಮ ಸೆರಗಿನಲ್ಲಿ ನಾಲ್ಕು ಕಟ್ಟಿಕೊಂಡು ಆಗಲೇ ಮುಂದೆ ನಡೆದಿದ್ದಳು. ಒಂದೂವರೆ ಕಿಲೋಮೀಟರ್ ಹೋಗಿ ಬರಲು ಒಂದು ತಾಸಿಗೂ ಹೆಚ್ಚು ಹಿಡಿಯಿತು. ರಸ್ತೆಯ ಪಕ್ಕದ ಪಂಪಿನ ಮನೆಯ ಗೋಡೆಗೆ ಒತ್ತಿ ಮರಿಗಳನ್ನು ಇಟ್ಟು ಮತ್ತೆ ಹೊರಟರು. ಎರಡನೆಯ ಸಲ ಮರಳುವಾಗ ಅವನ ಎದೆಗೆ ತಾಗಿದ್ದ ಒಂದು ಮರಿ ನಡುಗುವುದನ್ನು ನಿಲ್ಲಿಸಿತು. ಬೆಚ್ಚಗಾಯಿತೇನೋ ಎಂದುಕೊಂಡ. ಪಂಪಿನ ಮನೆ ಮುಟ್ಟಿ ಅಂಗಿ ಬಿಚ್ಚಿದಾಗ ಅದರ ಕುತ್ತಿಗೆ ಜೋತುಬಿತ್ತು. ಮಲ್ಲಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಮೂಗಿಗೆ ಬಾಯಿಟ್ಟು ಊದಿ, ಎದೆ ತಿಕ್ಕಿ ನೋಡಿದಳು. ಆಮೇಲೆ ಬದಿಗಿಟ್ಟು, ಮತ್ತೆ ಹೊಲದತ್ತ ನಡೆದಳು.

ಹತ್ತು ಗಂಟೆಯ ಹೊತ್ತಿಗೆ ಮೀರಾಸಾಬ ಪಂಪಿನ ಮನೆಯ ತನಕ ಟ್ರ್ಯಾಕ್ಟರ್ ತಂದ. ಮಹಾನಂದಾ ಹೇಳಿ ಕಳಿಸಿದ್ದಳಂತೆ. ಟ್ರೇಲರಿಗೆ ಹುಲ್ಲು ಹಾಸಿ, ಮೇಲೆ ತಾಡಪತ್ರಿ ಕಟ್ಟಿಕೊಂಡು ಬಂದಿದ್ದ. ಬದುಕಿದ್ದ ಮರಿಗಳನ್ನು ಅದರಲ್ಲಿ ಹೇರಿ ಸುಭಾಸನ ಮನೆಯ ಕೊಟ್ಟಿಗೆಗೆ ತಂದರು. ಗುಡದಪ್ಪನೂ ಗೂಳಪ್ಪನೂ ದೊಡ್ಡ ಕುರಿಗಳ ಜೊತೆ ಹೊಲದಲ್ಲೇ ಉಳಿದರು. ಮಹಾನಂದಾ ಕೊಟ್ಟಿಗೆಯ ಮೂಲೆಯಲ್ಲಿ ಕುಳ್ಳಿನ ಬೆಂಕಿ ಮಾಡಿ, ಹಳೆ ಸೀರೆಗಳನ್ನು ಹರಿದು ಮರಿಗಳ ಮೈ ಒರೆಸತೊಡಗಿದಳು. ಎಮ್ಮೆಯ ಹಾಲು ಕಾಯಿಸಿ ಬಟ್ಟೆಯ ಬತ್ತಿಯಿಂದ ಚೀಪಿಸಿದಳು. ಅವಳು ಗಂಡನತ್ತ ಒಂದು ಸಲವೂ ನೋಡಲಿಲ್ಲ. ಮುಂಜಾನೆ ಎದ್ದು ಹೋಗಬೇಕಾಗಿದ್ದವರು ಯಾಕೆ ಇನ್ನೂ ಕೆಳಗಿನ ಹೊಲದಲ್ಲೇ ಇದ್ದರು ಎಂದು ಕೇಳಲೂ ಇಲ್ಲ.

ಮೀರಾಸಾಬ ಬಾಗಿಲಲ್ಲಿ ನಿಂತು ಬೀಡಿ ಹಚ್ಚಿಕೊಂಡ. ಮಲ್ಲಮ್ಮನಿಗೆ ಏನಾದರೂ ಸಮಾಧಾನದ ಮಾತು ಹೇಳಬೇಕೆನಿಸಿತು ಅವನಿಗೆ.

“ಏನ ಮಾಡೂದು ತಂಗಿ, ನಿಮ್ಮ ಹಣೇಬಾರ. ನೀವು ಊರಾಗಿದ್ರ ನಿಮಗೂ ಗೊತ್ತಾಗತಿತ್ತು. ನಮ್ಮ ಸುಭಾಸಣ್ಣ ಹೇಳಿದ್ದಕ್ಕ ಇವತ್ತ ನನ್ನ ಮೆಣಸಿನಕಾಯಿ ಉಳೀತು. ನಂದ ಅಷ್ಟ ಅಲ್ಲ, ಊರಾಗ ಒಬ್ರದೂ ಒಂದು ಕಾಯಿ ತೊಯ್ದಿಲ್ಲ. ಅಲ್ಲೆಲ್ಲೋ ಸಮುದ್ರದಾಗ ಗಾಳಿ ತಿರುಗಿದ್ದು ಇಲ್ಲಿ ಕುಂತು ಹೇಳ್ತಾನ ನೋಡು.”

ಮಲ್ಲಮ್ಮನ ಕೈ ಮರಿಯ ಬೆನ್ನಿನ ಮೇಲೆ ನಿಂತಿತು.

“ಯಾವಾಗ ಹೇಳಿದ್ರು ನಿಮಗ?”

“ನಿನ್ನಿ. ಮುಂಜಾನಿ ಎಂಟು ಗಂಟೇಕ.”

ಬೆಂಕಿಯಲ್ಲಿ ಕುಳ್ಳು ಚಟ್ಟೆಂದಿತು. ಮೀರಾಸಾಬ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ಏನೋ ತಪ್ಪಿ ಮಾತಾಡಿದೆ ಎಂದು ಅವನಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಬೀಡಿ ಆರಿಸಿ, “ಟ್ರ್ಯಾಕ್ಟರ್ ತೊಯ್ಯಾಕ ಹತ್ತೈತಿ,” ಎಂದು ಹೊರಗೆ ಹೋದ. ಮಲ್ಲಮ್ಮ ಸುಭಾಸನನ್ನು ನೋಡಿದಳು. ಅವಳು ಬೈಯುತ್ತಾಳೆ ಎಂದು ಅವನು ಕಾದ. ಅವಳು ಮತ್ತೆ ಮರಿಯ ಬೆನ್ನು ತಿಕ್ಕತೊಡಗಿದಳು, ಮೊದಲಿಗಿಂತ ಜೋರಾಗಿ.

“ನನಗೂ ಸುಳ್ಳ ಹೇಳಿದ್ರಿ,” ಎಂದಳು ಮಹಾನಂದಾ, ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ.

ಮಳೆ ಶನಿವಾರವಿಡೀ ಹನಿಯಿತು. ಸುಭಾಸ ಎರಡು ಸಲ ಹೊಲಕ್ಕೆ ಹೋಗಿ ರೊಟ್ಟಿ, ಒಣ ಬಟ್ಟೆ, ಮನೆಯ ಎರಡು ಜಮಖಾನೆ ಕೊಟ್ಟು ಬಂದ. ಎರಡೂ ಸಲ ಹೇಳಬೇಕೆಂದೇ ಹೋದ. ಎರಡೂ ಸಲ ಗುಡದಪ್ಪ ಕೆಮ್ಮುತ್ತಾ ಮರಿಗಳನ್ನು ಕೇಳಿದ, ಅವನು ಮರಿಗಳ ಬಗ್ಗೆ ಹೇಳಿ ಮರಳಿದ. ಈ ನಡುವೆ ಊರಿನಲ್ಲಿ ಅವನ ಹೆಸರು ಇನ್ನೂ ದೊಡ್ಡದಾಗಿತ್ತು. ಈರಬಸಪ್ಪಜ್ಜ ಛತ್ರಿ ಹಿಡಿದು ಮನೆಯ ತನಕ ಬಂದು, “ನಿಮ್ಮಪ್ಪ ಇದ್ದಿದ್ರ ಅಗದಿ ಹಿಗ್ಗತಿದ್ದ ನೋಡು,” ಎಂದು ಬೆನ್ನು ಚಪ್ಪರಿಸಿದ. ಒಳಗಿನ ಕೊಟ್ಟಿಗೆಯಲ್ಲಿ ಮರಿಗಳ ದನಿ ಕೇಳುತ್ತಿತ್ತು. ಸುಭಾಸ ಬಾಗಿಲಿಗೆ ಅಡ್ಡವಾಗಿ ನಿಂತು ಮುದುಕನನ್ನು ಅಲ್ಲಿಂದಲೇ ಕಳಿಸಿದ.

ಭಾನುವಾರ ಮಧ್ಯಾಹ್ನ ಮೋಡ ಒಡೆಯಿತು. ಅಷ್ಟರಲ್ಲಿ ಇಪ್ಪತ್ತಮೂರು ಮರಿ ಸತ್ತಿದ್ದವು. ಹೊಲದಲ್ಲಿ ನಾಲ್ಕು ದೊಡ್ಡ ಕುರಿ. ಸುಭಾಸ ಕೊಟ್ಟಿಗೆಯಲ್ಲಿ ಸತ್ತವನ್ನು ಎರಡು ಗೋಣಿಚೀಲದಲ್ಲಿ ತುಂಬಿ, ಒಂದನ್ನು ತಾನು ಹೊತ್ತು, ಇನ್ನೊಂದನ್ನು ಹೊತ್ತ ಮಲ್ಲಮ್ಮನ ಹಿಂದೆ ಹೊಲಕ್ಕೆ ನಡೆದ. ದಾರಿಯಲ್ಲಿ ಅವಳು ಒಂದೇ ಮಾತು ಹೇಳಿದಳು.

“ಅಪ್ಪಗ ನಾ ಹೇಳಿಲ್ಲ. ಹೇಳಂಗೂ ಇಲ್ಲ.”

ಅದು ಕ್ಷಮೆಯಲ್ಲವೆಂದು ಅವನಿಗೆ ತಿಳಿಯಿತು.

ಗುಡದಪ್ಪ ಬದುವಿನ ಮೇಲೆ ಕುಳಿತು ಬಿಸಿಲಿಗೆ ಕಂಬಳಿ ಹರಡಿದ್ದ. ಎರಡು ದಿನದಲ್ಲಿ ಅವನ ಗಲ್ಲ ಒಳಸೇರಿತ್ತು. ಸುಭಾಸ ಚೀಲ ಇಳಿಸಿ ಅವನೆದುರು ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕುಳಿತ.

“ಕಾಕಾ, ಗುರುವಾರ ಮುಂಜಾನೆ ನನಗ ಗೊತ್ತಿತ್ತು.”

ಮುದುಕ ಕಂಬಳಿಯ ಅಂಚು ಹಿಂಡುವುದನ್ನು ನಿಲ್ಲಿಸಿದ.

“ಮಳಿ ಬರತೈತಿ ಅಂತ ಬಂದಿತ್ತು. ದನಕರ ಸಾಗಸ್ರಿ ಅಂತಾನೂ ಇತ್ತು. ಊರವರಿಗೆಲ್ಲ ಹೇಳಿದೆ. ನಿಮಗ ಹೇಳಲಿಲ್ಲ.”

ಗುಡದಪ್ಪ ಅವನನ್ನೇ ನೋಡಿದ. ಅರ್ಥವಾಗದ ಭಾಷೆಯ ಮಾತು ಕೇಳಿದವನ ಹಾಗೆ ಅವನ ಹುಬ್ಬು ಗಂಟಿಕ್ಕಿತ್ತು.

“ಯಾಕ್ರೀ?”

“ಎರಡು ಎಕರೆ ಉಳಿದಿತ್ತು,” ಎಂದ ಸುಭಾಸ. “ಇನ್ನೆರಡ ರಾತ್ರಿ...” ಗುರುವಾರ ಅಷ್ಟು ದೊಡ್ಡದಾಗಿ ಕಂಡದ್ದು ಹೇಳುವಾಗ ಬಾಯಿ ತುಂಬ ಕೂಡ ಆಗಲಿಲ್ಲ.

ಗುಡದಪ್ಪ ಕೆಳಗಿನ ಹೊಲದತ್ತ ನೋಡಿದ. ಕುರಿಗಳ ಕಾಲು ಕಲಸಿದ ನೆಲ ಮುದ್ದೆಮುದ್ದೆಯಾಗಿ ಬಿದ್ದಿತ್ತು. ಹಳ್ಳದ ನೀರು ಏರಿ ಇಳಿದಾಗ ಹಿಕ್ಕೆಯನ್ನೆಲ್ಲ ತೊಳೆದುಕೊಂಡು ಹೋಗಿತ್ತು.

“ಹೊಲ ಉಳೀತೈತಿ ಅಂತ ಒಂದು ಮಾತ ಹೇಳಿದ್ರ,” ಎಂದ ನಿಧಾನಕ್ಕೆ, “ಹೊಳ್ಳಿ ಬರೂಮುಂದ ಬಂದು ಎರಡಲ್ಲ, ನಾಕ ರಾತ್ರಿ ನಿಂತು ಹೋಗ್ತಿದ್ದೆ. ಜೋಳಾನೂ ಬ್ಯಾಡಾಗಿತ್ತು. ನಿಮ್ಮಪ್ಪಾರ ಹೊಲ ಇದು. ನಾ ಸಣ್ಣಾವಿದ್ದಾಗಿಂದ ಈ ಬದುವಿನ ಮ್ಯಾಲೆ ಉಂಡೇನಿ.”

ಸುಭಾಸ ಹೇಳಿದ: ಸತ್ತ ಮರಿಗಳಿಗೆ ಏನು ಕೇಳಿದರೂ ಕೊಡುತ್ತೇನೆ, ಕೊಟ್ಟಿಗೆಯ ಎರಡು ಎಮ್ಮೆಯಲ್ಲಿ ಒಂದನ್ನು ಮಾರುತ್ತೇನೆ. ಗುಡದಪ್ಪ ಕೈಯಾಡಿಸಿ ಆ ಮಾತನ್ನು ನೊಣ ಓಡಿಸಿದ ಹಾಗೆ ಓಡಿಸಿದ. ಎದ್ದು ನಿಂತು ಚೀಲಗಳನ್ನು ಎಲ್ಲಿ ಹುಗಿಯುವುದೆಂದು ಸುತ್ತ ನೋಡಿದ.

“ಇಲ್ಲೇ,” ಎಂದಳು ಮಲ್ಲಮ್ಮ. ಕೆಳಗಿನ ಎರಡೆಕರೆಯ ನಟ್ಟನಡುವೆ ನಿಂತಿದ್ದಳು. ಅವಳ ದನಿ ಏರಿರಲಿಲ್ಲ. “ಇಲ್ಲೇ ಹುಗಿಯೂಣು. ಅಣ್ಣಾರ ಹೊಲಕ್ಕ ಗೊಬ್ಬರ ಬೇಕಾಗೇತಿ.”

“ಮಲ್ಲವ್ವ!” ಎಂದು ಅಪ್ಪ ಗದರಿದ. ಅವಳು ಜಾಗ ಬಿಟ್ಟು ಕದಲಲಿಲ್ಲ.

ಸುಭಾಸ ಸಲಿಕೆ ತೆಗೆದುಕೊಂಡ. ಗೂಳಪ್ಪ ಇನ್ನೊಂದು ಸಲಿಕೆ ಹಿಡಿದು ಬಂದಾಗ ಬೇಡವೆಂದು ಸನ್ನೆ ಮಾಡಿದ. ನೆನೆದ ಎರೆ ಮಣ್ಣು ಸಲಿಕೆಗೆ ಅಂಟಿ ಬಿಡುತ್ತಿರಲಿಲ್ಲ. ಪ್ರತಿಯೊಂದು ಹೊಡೆತಕ್ಕೂ ಕೈಯಿಂದ ಬಳಿದು ಬಳಿದು ತೆಗೆಯಬೇಕಾಗಿತ್ತು. ಸೊಂಟದಷ್ಟು ಆಳವಾಗುವಾಗ ಹೊತ್ತು ಪಡುವಣಕ್ಕೆ ವಾಲಿತ್ತು, ಅಂಗೈ ಒಡೆದು ಹಿಡಿಕೆಗೆ ರಕ್ತ ಹತ್ತಿತ್ತು. ಮಲ್ಲಮ್ಮ ಮರಿಗಳನ್ನು ಚೀಲದಿಂದ ಸುರುವಲಿಲ್ಲ. ಒಂದೊಂದಾಗಿ ತೆಗೆದು, ಕಾಲು ಮಡಚಿ, ಮಲಗಿದ ಹಾಗೆ ಒಂದರ ಪಕ್ಕ ಒಂದನ್ನು ಇಟ್ಟಳು. ತುಸು ದೂರದಲ್ಲಿ ತಾಯಿ ಕುರಿಗಳು ಕೂಗುತ್ತಿದ್ದವು. ಕೆಚ್ಚಲು ಬಿಗಿದು ನಿಲ್ಲಲಾರದೆ ನಿಂತಿದ್ದವನ್ನು ಗೂಳಪ್ಪ ಒಂದೊಂದಾಗಿ ಹಿಡಿದು ಹಾಲನ್ನು ನೆಲಕ್ಕೆ ಹಿಂಡಿ ಬಿಡುತ್ತಿದ್ದ.

ಮಂಗಳವಾರ ಮತ್ತೆ ಸಂದೇಶ ಬಂತು. ಮುಂದಿನ ಐದು ದಿನ ಒಣ ಹವೆ, ಮುಂಜಾನೆ ಮಂಜು. ಈರಬಸಪ್ಪಜ್ಜ, ಮೀರಾಸಾಬ, ಇನ್ನೂ ನಾಲ್ಕಾರು ಜನ ಕಟ್ಟೆಯ ಮುಂದೆ ನೆರೆದಿದ್ದರು. ಸುಭಾಸ ಓದುವ ಮೊದಲು ಹೇಳಬೇಕಾದದ್ದನ್ನು ಹೇಳಿದ. ಕುರಿಯವರಿಗೆ ತಾನು ಸುಳ್ಳು ಹೇಳಿದ್ದನ್ನು, ಯಾಕೆ ಹೇಳಿದೆ ಎಂಬುದನ್ನು, ಏನೂ ಬಿಡದೆ ಹೇಳಿದ. ಈರಬಸಪ್ಪಜ್ಜ ಬಾಯಲ್ಲಿದ್ದ ಎಲೆಯನ್ನು ಉಗುಳಿ, ಕೋಲು ಊರಿಕೊಂಡು ಹೊರಟುಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಕೊನೆಗೆ ಉಳಿದ ಮೀರಾಸಾಬ, “ನಾ ಅವತ್ತ ಆ ಹೆಣ್ಣಮಗಳ ಮುಂದ ಏನೇನೋ ಮಾತಾಡಿದ್ನೆಲ್ಲೋ,” ಎಂದಷ್ಟೇ ಹೇಳಿ ಟ್ರ್ಯಾಕ್ಟರ್ ಚಾಲೂ ಮಾಡಿದ.

ಬುಧವಾರ ನೆಲ ಕಾಲು ತಡೆಯುವಷ್ಟು ಗಟ್ಟಿಯಾಯಿತು. ಹಿಂಡು ಎದ್ದಿತು. ಮಹಾನಂದಾ ಬದುಕಿದ ಇಪ್ಪತ್ತೊಂಬತ್ತು ಮರಿಗಳನ್ನು ಟ್ರೇಲರಿನಲ್ಲಿ ತಂದು ಡಾಂಬರು ರಸ್ತೆಯ ಬಳಿ ಮಲ್ಲಮ್ಮನ ಕೈಗೆ ಒಂದೊಂದಾಗಿ ಇಳಿಸಿಕೊಟ್ಟಳು. ಇಬ್ಬರೂ ಏನೋ ಮೆಲ್ಲಗೆ ಮಾತಾಡಿಕೊಂಡರು, ಮಲ್ಲಮ್ಮ ಮಹಾನಂದಾಳ ಕೈ ಮುಟ್ಟಿದಳು. ಸುಭಾಸ ತಂದಿದ್ದ ಎರಡು ಚೀಲ ಜೋಳವನ್ನು ಗುಡದಪ್ಪ ಕುದುರೆಯ ಮೇಲೆ ಹೇರಿಸಿಕೊಂಡ. ಅವನು ಬೇಡವೆನ್ನಲಿಲ್ಲ, ಒಳ್ಳೆಯದಾಯಿತೆಂದೂ ಅನ್ನಲಿಲ್ಲ. “ಬರ್ತೇವ್ರಿ,” ಎಂದು ರೂಢಿಯ ಹಾಗೆ ಹೇಳಿ, ಮುಂದಿನ ವರ್ಷದ ಮಾತು ತೆಗೆಯದೆ, ಹಿಂಡಿನ ಮುಂದೆ ನಡೆದ.

ಮುನ್ನೂರು ಕುರಿಗಳು ರಸ್ತೆಗೆ ಹತ್ತಿ ನವಲಗುಂದದ ಕಡೆ ತಿರುಗುವಾಗ, ನಡುವಿನಿಂದ ಒಂದು ಬಿಳಿ ಕುರಿ ಗಕ್ಕನೆ ಹಿಂದಿರುಗಿತು. ಉಳಿದವುಗಳ ಸಂದಿನಲ್ಲಿ ನುಗ್ಗಿ, ಹೊಲದ ದಾರಿ ಹಿಡಿದು ಓಡಿ ಬಂತು. ಗೂಳಪ್ಪ ಕೂಗಿದ. ದಾರಿಯ ಬಾಯಲ್ಲಿ ಇದ್ದವನು ಸುಭಾಸ ಒಬ್ಬನೇ. ಅವನು ಎರಡೂ ಕೈಗಳನ್ನು ಅಗಲಿಸಿ ಅಡ್ಡ ನಿಂತ. ಕುರಿ ಅವನಿಂದ ಒಂದು ಮಾರು ದೂರಕ್ಕೆ ಬಂದು ನಿಂತು, ಅವನ ಕಾಲುಗಳ ಸಂದಿನಿಂದ ಆಚೆ ನೋಡುತ್ತಾ ಒಂದು ಸಲ ಕೂಗಿತು. ಅದರ ಕೆಚ್ಚಲಿನಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಅವನು ಕೈಗಳನ್ನು ಹಾಗೇ ಚಾಚಿಕೊಂಡು ನಿಂತಿದ್ದ, ಮುಂದೆ ಹೆಜ್ಜೆಯಿಡಲೂ ಆಗದೆ, ಕೆಳಗಿಳಿಸಲೂ ಆಗದೆ.